ಕೃತಿಪಠನದಲ್ಲಿ ವಿದ್ಯಾರ್ಥಿಯ ಸೃಷ್ಟಿಕಾರ್ಯ: ಒಂದು ಐತಿಹಾಸಿಕ ವಿವೇಚನೆ

ಒಂದು ಕೃತಿಯನ್ನು ಓದುವುದೆಂದರೆ ಅದರ ಅರ್ಥವನ್ನು ಗ್ರಹಿಸುವುದಷ್ಟೆಯೆ, ಅಥವಾ ಅದರ ಬೆಳಕಿನಲ್ಲಿ ಓದುಗನು ತಾನೂ ಏನನ್ನಾದರೂ ರಚಿಸುವುದು ಓದಿನ ಅಂಗವೆ ಎಂಬ ಪ್ರಶ್ನೆ ಹೊಸದಲ್ಲ. ಶ್ರೇಷ್ಠ ಕಾದಂಬರಿಯೊಂದನ್ನು ಪಾಠವಾಗಿ ಇಟ್ಟಾಗ, ಪಾತ್ರವೊಂದರ ದಿನಚರಿಯನ್ನು ಬರೆಯಿರಿ, ಕೊನೆಯ ಅಧ್ಯಾಯದ ಮುಂದಿನ ಕಥೆಯನ್ನು ಊಹಿಸಿರಿ, ಒಂದು ಸನ್ನಿವೇಶವನ್ನು ಚಿತ್ರಿಸಿರಿ, ಅದನ್ನು ರೂಪಕವಾಗಿ ಆಡಿ ತೋರಿಸಿರಿ ಎಂದು ವಿದ್ಯಾರ್ಥಿಗಳಿಗೆ ಹೇಳುವ ಪದ್ಧತಿಯು ಈಗ ಹಲವು ದೇಶಗಳ ಶಾಲೆಗಳಲ್ಲಿದೆ. ಇದನ್ನು ನವೀನ ಶಿಕ್ಷಣಶಾಸ್ತ್ರದ ಕೊಡುಗೆಯೆಂದು ಕೆಲವರು ಕೊಂಡಾಡುತ್ತಾರೆ. ಗ್ರಂಥದ ಗೌರವಕ್ಕೆ ಕುಂದು ತರುವ ಮಕ್ಕಳಾಟವೆಂದು ಕೆಲವರು ಜರೆಯುತ್ತಾರೆ. ಇತಿಹಾಸವನ್ನು ಅವಲೋಕಿಸಿದರೆ ಈ ಎರಡೂ ಮಾತುಗಳು ಪೂರ್ಣಸತ್ಯವಲ್ಲವೆಂಬುದು ವಿದಿತವಾಗುತ್ತದೆ. ಆ ಇತಿಹಾಸದ ಕೆಲವು ಘಟ್ಟಗಳನ್ನು ಪರಿಶೀಲಿಸಿ, ಅವುಗಳಿಂದ ನಾವು ಗ್ರಹಿಸಬಹುದಾದ ವಿವೇಕವನ್ನು ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರಾಚೀನ ಗ್ರೀಸ್ ಮತ್ತು ರೋಮ್ ದೇಶಗಳ ವಿದ್ಯಾಶಾಲೆಗಳಲ್ಲಿ ವಾಗ್ಮಿತೆಯ ಶಿಕ್ಷಣಕ್ಕೆ ಪೂರ್ವಭಾವಿಯಾಗಿ ಕ್ರಮಬದ್ಧವಾದ ಬರವಣಿಗೆಯ ಅಭ್ಯಾಸಗಳಿದ್ದವು. ನೀತಿಕಥೆಯನ್ನು ತಿರುಗಿ ಹೇಳುವುದರಿಂದ ಮೊದಲಾಗಿ ವಿದ್ಯಾರ್ಥಿಯು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಬೇಕಾಗಿತ್ತು. ಅವುಗಳಲ್ಲಿ ‘ಎಥೊಪೊಯಿಯ’ ಎಂಬುದೊಂದು. ಇಂತಹ ಸಂದರ್ಭದಲ್ಲಿ ಇಂತಹ ವ್ಯಕ್ತಿ ಯಾವ ಮಾತುಗಳನ್ನು ಆಡಿಯಾರು ಎಂದು ಕಲ್ಪಿಸಿ ಬರೆಯುವುದೇ ಇದರ ಸ್ವರೂಪ. ಕ್ರಿ.ಶ. 4ನೆಯ ಶತಮಾನದ ಅಫ್ಥೋನಿಯಸ್ ಎಂಬ ಆಚಾರ್ಯನು ತನ್ನ ಕೈಪಿಡಿಯಲ್ಲಿ, ಮಕ್ಕಳನ್ನೆಲ್ಲ ಕಳೆದುಕೊಂಡ ನಿಯೋಬೆಯ ಶೋಕೋಕ್ತಿಯನ್ನು ಇದಕ್ಕೆ ಮಾದರಿಯಾಗಿ ಕೊಟ್ಟಿದ್ದಾನೆ. ಮೊದಲು ವರ್ತಮಾನದ ದುಃಖ, ಅನಂತರ ಗತಕಾಲದ ಸ್ಮರಣೆ, ಕೊನೆಗೆ ಭವಿಷ್ಯದ ಚಿಂತೆ ಎಂಬ ಮೂರು ಕಾಲಗಳ ವಿಭಾಗವನ್ನು ಅವನು ವಿಧಿಸುತ್ತಾನೆ. ಇವನ ಕೈಪಿಡಿಯು ಲ್ಯಾಟಿನ್ ಭಾಷೆಗೆ ಪರಿವರ್ತಿತವಾಗಿ 16 ಮತ್ತು 17ನೆಯ ಶತಮಾನಗಳವರೆಗೂ ಯುರೋಪಿನ ಶಾಲೆಗಳಲ್ಲಿ ಬಳಕೆಯಲ್ಲಿತ್ತು. ಅವನಿಗಿಂತ ಹಿಂದಿನ ರೋಮನ್ ಶಿಕ್ಷಣತಜ್ಞ ಕ್ವಿಂಟಿಲಿಯನ್‌ನು ಪರಪಾತ್ರದ ಬಾಯಿಂದ ಮಾತನಾಡುವ ಅಭ್ಯಾಸವನ್ನು ಅತ್ಯಂತ ಕಠಿನವಾದುದೆಂದು ಎಣಿಸಿದ್ದಾನೆ. ಆದುದರಿಂದ ಪಾತ್ರವೊಂದರ ದಿನಚರಿ ಬರೆಯಿಸುವ ಇಂದಿನ ಅಧ್ಯಾಪಕನು ತನಗರಿಯದೆಯೇ ಸುಮಾರು ಎರಡು ಸಾವಿರ ವರ್ಷಗಳ ಹಳೆಯ ದಾರಿಯಲ್ಲಿ ನಡೆಯುತ್ತಿದ್ದಾನೆ. ನಮ್ಮ ದೇಶದ ಸಂಸ್ಕೃತ ಪಂಡಿತಪರಂಪರೆಯಲ್ಲಿದ್ದ ಸಮಸ್ಯಾಪೂರಣವೂ ವಿದ್ಯಾರ್ಥಿಯನ್ನು ಕೇವಲ ಶ್ರೋತೃವಾಗಿ ಉಳಿಯಗೊಡದೆ ರಚನೆಗೆ ತೊಡಗಿಸಿದ ಅಭ್ಯಾಸವೇ ಆಗಿದೆ.

ಈ ಅಭ್ಯಾಸಕ್ಕೆ ಅಂದೇ ಒಬ್ಬ ಪ್ರಬಲ ವಿಮರ್ಶಕನೂ ಹುಟ್ಟಿದನು. ಕ್ರಿ.ಶ. 354ರಲ್ಲಿ ಉತ್ತರ ಆಫ್ರಿಕದ ಥಾಗಸ್ತೆಯಲ್ಲಿ ಜನಿಸಿದ ಸಂತ ಆಗಸ್ಟೀನ್‌ನು ತನ್ನ ಆತ್ಮನಿವೇದನ ಗ್ರಂಥದಲ್ಲಿ ಬಾಲ್ಯದ ಒಂದು ಪ್ರಸಂಗವನ್ನು ನೆನೆದಿದ್ದಾನೆ. ವರ್ಜಿಲ್‌ನ ಮಹಾಕಾವ್ಯದಲ್ಲಿ ಟ್ರಾಯ್ ದೇಶದ ಅರಸನನ್ನು ಇಟಲಿಯಿಂದ ದೂರವಿಡಲಾರದೆ ಕೋಪ ಶೋಕಗಳಿಂದ ಕುದಿಯುವ ಜೂನೋ ದೇವಿಯ ಮಾತುಗಳನ್ನು ಗದ್ಯದಲ್ಲಿ ಕಲ್ಪಿಸಿ ಹೇಳುವ ಕೆಲಸವನ್ನು ಗುರುಗಳು ಕೊಟ್ಟರು. ಗೆದ್ದರೆ ಹೊಗಳಿಕೆ, ಸೋತರೆ ಅವಮಾನ ಮತ್ತು ಏಟಿನ ಭಯ. ಬಾಲಕ ಆಗಸ್ಟೀನ್‌ನು ಸಹಪಾಠಿಗಳನ್ನೆಲ್ಲ ಮೀರಿ ಪ್ರಶಂಸೆ ಪಡೆದನು. ವಯಸ್ಸಾದ ಮೇಲೆ ಅದನ್ನು ಸ್ಮರಿಸುವಾಗ ಆ ಪ್ರಶಂಸೆಯು ಅವನಿಗೆ ಹೊಗೆಯಾಗಿ, ಗಾಳಿಯಾಗಿ ತೋರಿತು. ಕಾವ್ಯದ ಡೈಡೋ ರಾಣಿಯ ಸಾವಿಗೆ ಕಣ್ಣೀರು ಸುರಿಸಿದ ತಾನು ತನ್ನ ಆತ್ಮದ ದುರ್ಗತಿಗೆ ಅಳಲಿಲ್ಲವಲ್ಲ ಎಂದು ಅವನು ಪರಿತಪಿಸಿದನು.

ಈ ಆಕ್ಷೇಪವನ್ನು ಕಾವ್ಯದ್ವೇಷವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಪರರ ದುಃಖವನ್ನು ಬಹುಮಾನಕ್ಕಾಗಿ ನಟಿಸುವುದನ್ನು ಕಲಿತವನು ಸ್ವಂತ ಅಂತರಂಗವನ್ನು ನೋಡುವುದನ್ನು ಕಲಿತನೆ ಎಂಬುದು ಅವನ ಪ್ರಶ್ನೆಯ ತಿರುಳು. ನುಡಿ ನಡೆಗಳು ಒಂದಾಗಬೇಕೆಂಬ ಶರಣಧರ್ಮದಲ್ಲಿ ಬೆಳೆದ ನಮಗೆ ಈ ಪ್ರಶ್ನೆ ಅಪರಿಚಿತವಲ್ಲ. ಆದರೂ ಒಂದು ಮಾತನ್ನು ಮರೆಯಲಾಗದು. ತನ್ನ ಹೃದಯವನ್ನು ಅಷ್ಟು ಸೂಕ್ಷ್ಮವಾಗಿ ಬಿಚ್ಚಿಟ್ಟ ಆ ಗ್ರಂಥವನ್ನು ಬರೆದ ಲೇಖನಿಯು ಪಳಗಿದ್ದು ಅದೇ ಶಾಲೆಗಳಲ್ಲಿ. ಅಭ್ಯಾಸವು ದೋಷಯುಕ್ತವಾದುದಲ್ಲ, ಅದಕ್ಕೆ ಕಟ್ಟಿದ ಹೊಗಳಿಕೆಯ ಮತ್ತು ಭಯದ ಗಂಟು ದೋಷಯುಕ್ತವಾದುದು.

ಕಾದಂಬರಿಯು ಶಾಲೆಯ ಪಾಠವಾಗಿ ಮಾನ್ಯತೆ ಪಡೆದುದು ಬಹಳ ಈಚೆಗೆ. ಪರೀಕ್ಷಾಪದ್ಧತಿಯು ಬೇರೂರಿದಂತೆಲ್ಲ ಕಥಾಸಾರಾಂಶ, ಪಾತ್ರಸ್ವಭಾವ, ಸಂದರ್ಭಸಹಿತ ವಿವರಣೆ ಎಂಬ ಸಿದ್ಧ ಚೌಕಟ್ಟಿನೊಳಗೆ ಅದರ ಬೋಧನೆಯು ಸೆರೆಯಾಯಿತು. ಇದರ ವಿರುದ್ಧ ಪ್ರತಿಕ್ರಿಯೆಗಳೂ ಹುಟ್ಟಿದವು. ಕೇಂಬ್ರಿಜ್ ನಗರದ ಪರ್ಸ್ ಶಾಲೆಯ ಅಧ್ಯಾಪಕ ಕಾಲ್ಡ್‌ವೆಲ್ ಕುಕ್‌ನು 1917ರಲ್ಲಿ ಪ್ರಕಟಿಸಿದ ‘ದ ಪ್ಲೇ ವೇ’ ಗ್ರಂಥದಲ್ಲಿ ಆಟ ಅಭಿನಯಗಳೇ ಸಾಹಿತ್ಯಾಧ್ಯಯನದ ಸಹಜ ಮಾರ್ಗವೆಂದು ಪ್ರತಿಪಾದಿಸಿದನು. 1966ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೂಡಿದ ಆಂಗ್ಲ ಮತ್ತು ಅಮೆರಿಕನ್ ವಿದ್ವಾಂಸರ ಗೋಷ್ಠಿಯೂ, ಅದನ್ನು ಆಧರಿಸಿ 1967ರಲ್ಲಿ ಜಾನ್ ಡಿಕ್ಸನ್ ಬರೆದ ಗ್ರಂಥವೂ ವಿದ್ಯಾರ್ಥಿಯ ಸ್ವಂತ ಅನುಭವ ಮತ್ತು ಸ್ವಂತ ಬರವಣಿಗೆಗೆ ಪ್ರಾಧಾನ್ಯ ನೀಡಿದವು.

ಭಾರತದಲ್ಲಿ ಈ ವಿಚಾರಕ್ಕೆ ಅತ್ಯುಜ್ವಲ ನಿದರ್ಶನವು ದೊರೆಯುವುದು ವಂಗದೇಶದಲ್ಲಿ. ಅಲ್ಲಿ ಸಾಹಿತ್ಯಕ್ಕೆ ಚಿತ್ರ ರಚಿಸುವ ಕಾರ್ಯವನ್ನು ಅವನೀಂದ್ರನಾಥ ಠಾಕೂರರು ಶಿಷ್ಯರ ಶಿಕ್ಷಣದ ಭಾಗವನ್ನಾಗಿಸಿದರು. ಭಗಿನಿ ನಿವೇದಿತಾ ಆರಂಭಿಸಿ ಆನಂದ ಕುಮಾರಸ್ವಾಮಿಯವರು ಪೂರೈಸಿದ, 1913ರಲ್ಲಿ ಪ್ರಕಟವಾದ ಪುರಾಣಕಥಾ ಗ್ರಂಥಕ್ಕೆ ಅವರ ಮೇಲ್ವಿಚಾರಣೆಯಲ್ಲಿ ಚಿತ್ರ ಬರೆದವರಲ್ಲಿ ನಂದಲಾಲ ಬಸು ಅವರೊಡನೆ ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಇದ್ದರೆಂಬುದು ಕನ್ನಡಿಗರು ಹೆಮ್ಮೆಯಿಂದ ಸ್ಮರಿಸಬೇಕಾದ ಸಂಗತಿ. ರವೀಂದ್ರರು 1901ರಲ್ಲಿ ಸ್ಥಾಪಿಸಿದ ಶಾಂತಿನಿಕೇತನದ ವಿದ್ಯಾಲಯದಲ್ಲಿ ಹಾಡು, ಅಭಿನಯ, ಚಿತ್ರಗಳು ಪಾಠದಿಂದ ಬೇರೆಯಾಗಿರಲಿಲ್ಲ. 1919ರಲ್ಲಿ ಅಲ್ಲಿ ಕಲಾಭವನವು ಆರಂಭವಾಯಿತು. 1930ರಲ್ಲಿ ಪ್ರಕಟವಾದ ರವೀಂದ್ರರ ‘ಸಹಜ ಪಾಠ’ಕ್ಕೆ ನಂದಲಾಲರು ರಚಿಸಿದ ಅಚ್ಚುಚಿತ್ರಗಳು ಅಕ್ಷರ ಮತ್ತು ರೇಖೆಗಳ ಸಖ್ಯಕ್ಕೆ ಮಾದರಿಯಾಗಿವೆ.

ಈ ಕಲಾಭವನಕ್ಕೆ 1940ರಲ್ಲಿ ವಿದ್ಯಾರ್ಥಿಯಾಗಿ ಬಂದವರು ಸತ್ಯಜಿತ್ ರಾಯ್. ನಂದಲಾಲ ಬಸು ಮತ್ತು ವಿನೋದಬಿಹಾರಿ ಮುಖರ್ಜಿಯವರಲ್ಲಿ ಕಲಿತು, ಶಿಕ್ಷಣವನ್ನು ಪೂರ್ತಿಗೊಳಿಸದೆ 1942ರಲ್ಲಿ ಹೊರಬಂದು, ಮರುವರ್ಷ ಕಲ್ಕತ್ತೆಯ ಜಾಹೀರಾತು ಸಂಸ್ಥೆಯೊಂದನ್ನು ಸೇರಿದರು. ವಿಭೂತಿಭೂಷಣ ಬಂದ್ಯೋಪಾಧ್ಯಾಯರ ‘ಪಥೇರ್ ಪಾಂಚಾಲಿ’ ಕಾದಂಬರಿಯು 1929ರಲ್ಲಿ ಗ್ರಂಥರೂಪದಲ್ಲಿ ಹೊರಬಂದು ಶ್ರೇಷ್ಠಕೃತಿಯೆಂಬ ಕೀರ್ತಿಯನ್ನು ಆಗಲೇ ಪಡೆದಿತ್ತು. 1940ರ ದಶಕದ ಮಧ್ಯಭಾಗದಲ್ಲಿ ಸಿಗ್ನೆಟ್ ಪ್ರೆಸ್ ಅದರ ಬಾಲಾವೃತ್ತಿಯನ್ನು ಹೊರತರಲು ಉದ್ಯುಕ್ತವಾಗಿ, ಚಿತ್ರಗಳ ಹೊಣೆಯನ್ನು ರಾಯ್ ಅವರಿಗೆ ವಹಿಸಿತು. ‘ಆಮ್ ಆಂಟಿರ್ ಭೇಂಪು’, ಎಂದರೆ ಮಾವಿನ ಗೊರಟೆಯ ಪೀಪಿ, ಎಂಬುದು ಆ ಆವೃತ್ತಿಯ ಹೆಸರು. ಮೂಲ ಕಾದಂಬರಿಯ ಒಂದು ಭಾಗದ ಹೆಸರೂ ಹೌದು.

ಚಿತ್ರ ಬರೆಯುವವನು ಸಾಮಾನ್ಯ ಓದುಗನಂತೆ ತೇಲಿ ಹೋಗಲಾರನು. ಹುಡುಗಿ ಯಾವ ಕಡೆಗೆ ಮುಖ ಮಾಡಿ ನಿಂತಿದ್ದಾಳೆ, ಬೆಳಕು ಎಲ್ಲಿಂದ ಬೀಳುತ್ತದೆ, ಮುದುಕಿಯ ಕೈಯಲ್ಲಿ ಏನಿದೆ ಎಂಬುದನ್ನೆಲ್ಲ ಅವನು ನಿಶ್ಚಯಿಸಬೇಕು. ನಿಶ್ಚಯಿಸಲು ಮತ್ತೆ ಮತ್ತೆ ಗ್ರಂಥಕ್ಕೆ ಮರಳಬೇಕು. ಈ ಚಿತ್ರಕಾರ್ಯದಲ್ಲಿಯೇ ಅಪು ದುರ್ಗೆಯರ ಕಥೆಯು ರಾಯ್ ಅವರ ಮನಸ್ಸಿನಲ್ಲಿ ನೆಲೆಗೊಂಡಿತು. ಮುಂದೆ ಅದನ್ನು ಚಲನಚಿತ್ರವಾಗಿಸುವಾಗ ಪೂರ್ಣ ಚಿತ್ರಕಥೆಯ ಬದಲು ರೇಖಾಚಿತ್ರ ಮತ್ತು ಟಿಪ್ಪಣಿಗಳ ಪುಸ್ತಕವೊಂದು ಅವರ ಕೈಪಿಡಿಯಾಗಿತ್ತು. 1955ರಲ್ಲಿ ಬಿಡುಗಡೆಯಾದ ಆ ಚಿತ್ರವು ಜಗತ್ತಿನ ಶ್ರೇಷ್ಠ ಚಲನಚಿತ್ರಗಳ ಸಾಲಿಗೆ ಸೇರಿತು.

ಇಲ್ಲಿ ವಿಚಾರಾರ್ಹವಾದುದೊಂದಿದೆ. ರಾಯ್ ಅವರು ಮೂಲವನ್ನು ಇದ್ದಂತೆಯೇ ನಕಲು ಮಾಡಲಿಲ್ಲ. ಕಾದಂಬರಿಯ ಆರಂಭದಲ್ಲಿಯೇ ತೀರಿಹೋಗುವ ವೃದ್ಧೆ ಇಂದಿರ್ ಠಾಕ್ರುಣ್ ಚಿತ್ರದಲ್ಲಿ ಅಪು ಬಾಲಕನಾಗುವವರೆಗೆ ಬದುಕಿರುತ್ತಾಳೆ. ಕಾದಂಬರಿಯ ದುರ್ಗೆ ರೈಲುಗಾಡಿಯನ್ನು ಕಾಣುವ ಆಸೆ ಈಡೇರದೆಯೇ ಸಾಯುತ್ತಾಳೆ. ಚಿತ್ರದಲ್ಲಿ ಅಕ್ಕ ತಮ್ಮಂದಿರು ಬಿಳಿಯ ಹೂತೆನೆಗಳ ಹುಲ್ಲುಬಯಲಿನಲ್ಲಿ ಅದನ್ನು ಕಾಣುತ್ತಾರೆ. ಇದು ಮೂಲಕ್ಕೆ ಅಪಚಾರವೆ? ಒಂದು ಅರ್ಥದಲ್ಲಿ ಹೌದು; ಈಡೇರದ ಆಸೆಯ ನೋವು ಚಿತ್ರದಲ್ಲಿ ಉಳಿಯಲಿಲ್ಲ. ಆದರೆ ಬದಲಾವಣೆಯನ್ನು ಮಾಡಿದವನು ಮೂಲವನ್ನು ತಿಳಿದೇ ಮಾಡಿದನು. ಮೂಲವನ್ನು ತಿಳಿಯದೆ ಮಾಡುವ ಬದಲಾವಣೆಗೂ ತಿಳಿದು ಮಾಡುವ ಬದಲಾವಣೆಗೂ ಅಜಗಜಾಂತರ. ಚಲನಚಿತ್ರವನ್ನಷ್ಟೇ ನೋಡಿ ಕಾದಂಬರಿಯನ್ನು ಓದಿದೆನೆಂದು ಭಾವಿಸುವ ವಿದ್ಯಾರ್ಥಿಯು ದುರ್ಗೆಯ ಆ ನೋವನ್ನು ಎಂದಿಗೂ ಅರಿಯನು. ಅಪಾಯವಿರುವುದು ಇಲ್ಲಿ.

ಈ ಅಪಾಯಕ್ಕೆ ಪರಿಹಾರವನ್ನು ಸೂಚಿಸುವ ಮಹಾಕೃತಿಯೊಂದು ನಮ್ಮ ಪರಂಪರೆಯಲ್ಲಿಯೇ ಇದೆ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನವರಿಂದ ಮೊದಲ್ಗೊಂಡು, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಈ ನಾಲ್ವರ ಕೈಯಲ್ಲಿ ರೂಪುಗೊಂಡ ಶೂನ್ಯಸಂಪಾದನೆಗಳನ್ನು ಸಂಕಲನಗಳೆಂದು ಮಾತ್ರ ಕರೆದರೆ ಸಾಲದು. ಬಿಡಿಬಿಡಿಯಾಗಿ ಉಕ್ತವಾದ ವಚನಗಳನ್ನು ಆಯ್ದು, ಯಾರು ಕೇಳಿದರು, ಯಾರು ಉತ್ತರಿಸಿದರು ಎಂಬ ಸನ್ನಿವೇಶಗಳನ್ನು ಕಟ್ಟಿ, ನಡುನಡುವೆ ತಮ್ಮ ಗದ್ಯವನ್ನು ಇಟ್ಟು, ಅಲ್ಲಮಪ್ರಭುವಿನ ಮತ್ತು ಶರಣರ ಸಂವಾದವನ್ನು ಅವರು ನಾಟಕದಂತೆ ಕಣ್ಣೆದುರು ತಂದರು. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಪ್ರಭುದೇವರು ಪರೀಕ್ಷಿಸುವ ಪ್ರಸಂಗವು ನಮ್ಮ ನೆನಪಿನಲ್ಲಿ ನಿಂತಿರುವುದು ಈ ರಚನೆಯ ಬಲದಿಂದ. ಅಲ್ಲಿಯ ಸಂವಾದವೆಲ್ಲ ನಡೆದುದು ನಡೆದಂತೆಯೇ ದಾಖಲಾಗಿದೆಯೆಂದು ಇತಿಹಾಸಕಾರನು ಹೇಳಲಾರನು. ಆದರೆ ಪ್ರತಿಯೊಂದು ವಚನದ ಅಂಕಿತವು ಅಲ್ಲಿ ಉಳಿದಿದೆ. ಗುಹೇಶ್ವರ ಎಂದೊಡನೆ ಅದು ಪ್ರಭುವಿನ ನುಡಿ, ಚೆನ್ನಮಲ್ಲಿಕಾರ್ಜುನ ಎಂದೊಡನೆ ಅದು ಅಕ್ಕನ ನುಡಿ. ಸಂಪಾದಕರು ಸನ್ನಿವೇಶವನ್ನು ಕಲ್ಪಿಸಿದರು. ಒಬ್ಬರ ನುಡಿಯನ್ನು ಮತ್ತೊಬ್ಬರದಾಗಿಸುವ ಮರೆವಿಗೆ ಅಂಕಿತವು ಎಡೆಗೊಡಲಿಲ್ಲ.

ಈ ಸಮೀಕ್ಷೆಯಿಂದ ಮೂರು ವಿಷಯಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ವಿದ್ಯಾರ್ಥಿಯ ರಚನೆಯು ಮೂಲಗ್ರಂಥದ ಪಠನದ ಅನಂತರ ಬರಬೇಕೇ ಹೊರತು ಅದಕ್ಕೆ ಬದಲಾಗಿ ಅಲ್ಲ. ಅವನನ್ನು ಮತ್ತೆ ಗ್ರಂಥದ ಬಳಿಗೆ ಕಳುಹಿಸದ ರಚನೆಯು ವ್ಯರ್ಥ. ಎರಡನೆಯದಾಗಿ, ಅದನ್ನು ಸ್ಪರ್ಧೆಯ ಬಹುಮಾನಕ್ಕೆ ಗುರಿಪಡಿಸಿದರೆ ಆಗಸ್ಟೀನ್‌ನ ಪಶ್ಚಾತ್ತಾಪವು ಪುನರಾವೃತ್ತಿಯಾಗುತ್ತದೆ. ಮೂರನೆಯದಾಗಿ, ಮೂಲಕರ್ತೃವಿನದು ಯಾವುದು, ತನ್ನದು ಯಾವುದು ಎಂಬ ಅರಿವು ವಿದ್ಯಾರ್ಥಿಯಲ್ಲಿ ಸದಾ ಜಾಗೃತವಾಗಿರಬೇಕು. ಅಂಕಿತನಿಷ್ಠೆಯೆಂದರೆ ಇದೇ. ಈ ನಿಷ್ಠೆಯೊಡನೆ ಎಳೆಯ ಕೈಗಳು ಬರೆಯಲಿ, ಚಿತ್ರಿಸಲಿ, ಆಡಲಿ. ಅದರಿಂದ ಗ್ರಂಥದ ಗೌರವಕ್ಕೆ ಕುಂದಿಲ್ಲ. ಗ್ರಂಥವು ಒಂದು ತಲೆಮಾರಿನಿಂದ ಮತ್ತೊಂದು ತಲೆಮಾರಿಗೆ ಜೀವಂತವಾಗಿ ದಾಟುವ ದಾರಿಗಳಲ್ಲಿ ಅದೂ ಒಂದು.