ಮಿಲ್ಲರ್, ಜೋನ್ ಜಿ.

ಅಮೆರಿಕದ ಮನೋವಿಜ್ಞಾನಿ, ನ್ಯೂಯಾರ್ಕಿನ ನ್ಯೂ ಸ್ಕೂಲಿನಲ್ಲಿ ಪ್ರಾಧ್ಯಾಪಕಿ. ಜನ ಪರರನ್ನು ಹೇಗೆ ಗ್ರಹಿಸುತ್ತಾರೆ ಎಂಬ ಇವರ ಪ್ರಸಿದ್ಧ ಅಧ್ಯಯನಕ್ಕೆ ಮೈಸೂರೂ ಒಂದು ನೆಲೆ. 1984ರಲ್ಲಿ ಪ್ರಕಟವಾದ ಈ ಸಂಶೋಧನೆ ಮೈಸೂರು ಮತ್ತು ಷಿಕಾಗೊಗಳ ವಯಸ್ಕರನ್ನೂ 8, 11, 15 ವರ್ಷದ ಮಕ್ಕಳನ್ನೂ ಹೋಲಿಸಿತು. ಪರಿಚಿತರೊಬ್ಬರ ಒಳ್ಳೆಯ ಅಥವಾ ಕೆಟ್ಟ ನಡೆಗೆ ಕಾರಣ ಕೇಳಿದರೆ, ಷಿಕಾಗೊದ ವಯಸ್ಕರು ಹೆಚ್ಚಾಗಿ ಆ ವ್ಯಕ್ತಿಯ ಸ್ವಭಾವವನ್ನು ಹೆಸರಿಸಿದರು. ಮೈಸೂರಿನ ಹಿಂದೂ ವಯಸ್ಕರು ಸಂಬಂಧ, ಹೊಣೆ, ಸನ್ನಿವೇಶಗಳತ್ತ ಬೊಟ್ಟು ಮಾಡಿದರು. ಎಂಟರ ಮಕ್ಕಳಲ್ಲಿ ಈ ಅಂತರ ತೀರ ಕಡಿಮೆ. ವಯಸ್ಸಿನೊಂದಿಗೆ ಅದು ಹಿಗ್ಗಿತು. ಅಧ್ಯಯನದ ನಿಜವಾದ ಬಲ ಇಲ್ಲೇ ಇದೆ: ಪರರನ್ನು ಅಳೆಯುವ ರೀತಿ ಹುಟ್ಟಿನಿಂದ ಬಂದದ್ದಲ್ಲ, ಬೆಳೆಯುತ್ತ ಕಲಿತದ್ದು ಎಂಬುದಕ್ಕೆ ಅದು ಗಟ್ಟಿ ಆಧಾರ ಒದಗಿಸಿತು. ಅಮೂರ್ತ ಚಿಂತನೆಯ ಕೊರತೆಯೇ ಈ ವ್ಯತ್ಯಾಸಕ್ಕೆ ಕಾರಣವೆಂಬ ವಾದವನ್ನೂ ಮಿಲ್ಲರ್ ಪರೀಕ್ಷಿಸಿ ತಳ್ಳಿಹಾಕಿದರು. 1990ರಲ್ಲಿ ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ ಲೇಖನದಲ್ಲಿ, ಅಗತ್ಯವಿದ್ದವರಿಗೆ ನೆರವಾಗುವುದನ್ನು ಭಾರತೀಯರು ಅಮೆರಿಕನ್ನರಿಗಿಂತ ಹೆಚ್ಚಾಗಿ ನೈತಿಕ ಕರ್ತವ್ಯವೆಂದೇ ಕಾಣುತ್ತಾರೆಂದು ತೋರಿಸಿದರು.