ಬಾಲ ಹೋಯಿತು, ಬೆಲೆ ಉಳಿಯಿತೆ?

ಕೋತಿಗೂ ಮನುಷ್ಯನಿಗೂ ಏನು ವ್ಯತ್ಯಾಸ ಎಂದರೆ ಮಕ್ಕಳು ಮೊದಲು ಹೇಳುವುದು ಬಾಲವನ್ನೇ. ಬಾಲವಿಲ್ಲದವನು ಮನುಷ್ಯನೊಬ್ಬನೇ ಅಲ್ಲ. ಗಿಬ್ಬನ್, ಒರಾಂಗುಟಾನ್, ಗೊರಿಲ್ಲಾ, ಚಿಂಪಾಂಜಿಗಳಿಗೂ ಅದಿಲ್ಲ. ಸುಮಾರು ಎರಡೂವರೆ ಕೋಟಿ ವರ್ಷಗಳ ಹಿಂದೆ ಕೋತಿಗಳಿಂದ ಕವಲೊಡೆದ ವಾನರ ವಂಶಕ್ಕೆ ಇವರೆಲ್ಲ ಸೇರಿದವರು. ಮನುಷ್ಯನ ಬೆನ್ನೆಲುಬಿನ ತುದಿಯ ಪುಟ್ಟ ಮೂಳೆ ಹಳೆಯ ಬಾಲದ ಕುರುಹೆಂದು ಚಾರ್ಲ್ಸ್ ಡಾರ್ವಿನ್ 1871ರಲ್ಲೇ ಬರೆದಿದ್ದ. ಗರ್ಭದಲ್ಲಿರುವ ಭ್ರೂಣಕ್ಕೂ ಕೆಲವು ವಾರ ಬಾಲವಿದ್ದು, ಆಮೇಲೆ ಕರಗಿಹೋಗುತ್ತದೆ. ಆದರೆ ಇಡೀ ವಂಶದ ಬಾಲ ಹೋದದ್ದು ಹೇಗೆ?

ಉತ್ತರದ ಮೊದಲ ಎಳೆ ದೊರೆತದ್ದು ಇಲಿಗಳಲ್ಲಿ. ರಷ್ಯಾದಿಂದ ಬಂದು ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ವೈದ್ಯೆ ನದೇಜ್ದಾ ದೊಬ್ರೊವೊಲ್‌ಸ್ಕಯಾ-ಜವದ್‌ಸ್ಕಯಾ ಇಲಿಗಳ ಮೇಲೆ ಕ್ಷಕಿರಣ ಹಾಯಿಸಿ ಅವುಗಳ ಸಂತತಿಯನ್ನು ಪರೀಕ್ಷಿಸುತ್ತಿದ್ದರು. 1927ರಲ್ಲಿ ಅವರು ಮೋಟುಬಾಲದ ಇಲಿಗಳ ವಂಶವೊಂದನ್ನು ವರದಿ ಮಾಡಿದರು. ತಂದೆ ತಾಯಿ ಇಬ್ಬರಿಂದಲೂ ಈ ದೋಷ ಪಡೆದ ಮರಿಗಳು ಗರ್ಭದಲ್ಲೇ ಸಾಯುತ್ತಿದ್ದವು. ಇದಕ್ಕೆ ಕಾರಣವಾದ ಜೀನ್ 1990ರಲ್ಲಿ ಪತ್ತೆಯಾಯಿತು. ಅದರ ಹೆಸರು ಬ್ರ್ಯಾಕಿಯೂರಿ. ಗ್ರೀಕ್ ಮೂಲದ ಈ ಪದಕ್ಕೆ ಮೋಟುಬಾಲ ಎಂದೇ ಅರ್ಥ.

2024ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಬೋ ಶಿಯಾ ಮತ್ತು ಸಂಗಡಿಗರು ಅದೇ ಜೀನಿನಲ್ಲಿ ವಾನರರಿಗೆಲ್ಲ ಇರುವ, ಕೋತಿಗಳಿಗೆ ಇಲ್ಲದ ಒಂದು ತುಣುಕನ್ನು ತೋರಿಸಿಕೊಟ್ಟರು. 'ಆಲು' ಎಂಬ ಈ ತುಣುಕಿನ ಉದ್ದ ಸುಮಾರು 300 ಅಕ್ಷರ. ಇಂಥವು ತಮ್ಮ ನಕಲು ಮಾಡಿಕೊಂಡು ಜೀನುಗಳ ನಡುವೆ ಎಲ್ಲೆಂದರಲ್ಲಿ ಸೇರಿಕೊಳ್ಳುತ್ತವೆ. ಮನುಷ್ಯನಲ್ಲಿ ಇವುಗಳ ಸಂಖ್ಯೆ ಹತ್ತು ಲಕ್ಷಕ್ಕೂ ಹೆಚ್ಚು, ಬಹುಪಾಲು ನಿರುಪದ್ರವಿ. ಆದರೆ ಇಲ್ಲಿ ಹೊಸದಾಗಿ ಬಂದ ಆಲು, ಸಮೀಪದಲ್ಲೇ ತಿರುವುಮುರುವಾಗಿದ್ದ ಹಳೆಯ ಆಲುವಿನೊಡನೆ ಜೋಡಿಯಾಗಿ ಕುಣಿಕೆ ಹಾಕಿತು. ಕುಣಿಕೆಯೊಳಗೆ ಸಿಕ್ಕಿದ ಭಾಗ ಬಿಟ್ಟುಹೋಗಿ, ಆ ಜೀನಿನಿಂದ ಮಾಮೂಲಿ ಪ್ರೋಟೀನಿನ ಜೊತೆಗೆ ಮೊಟಕು ಪ್ರೋಟೀನೂ ತಯಾರಾಗತೊಡಗಿತು. ಇಲಿಗಳಲ್ಲಿ ಇದೇ ಸ್ಥಿತಿ ಉಂಟುಮಾಡಿದಾಗ ಕೆಲವು ಮೋಟುಬಾಲದವು, ಕೆಲವು ಬಾಲವೇ ಇಲ್ಲದವು ಹುಟ್ಟಿದವು.

ಕತೆ ಇಷ್ಟಕ್ಕೇ ಮುಗಿಯುವುದಿಲ್ಲ. ಮೊಟಕು ಪ್ರೋಟೀನ್ ಹೆಚ್ಚಾದ ಕೆಲವು ಮರಿಗಳಲ್ಲಿ ಬೆನ್ನುಹುರಿಯ ನಾಳ ಸರಿಯಾಗಿ ಮುಚ್ಚಿಕೊಳ್ಳಲಿಲ್ಲ. ಮನುಷ್ಯ ಶಿಶುಗಳಲ್ಲೂ ಸುಮಾರು ಸಾವಿರಕ್ಕೊಂದರಂತೆ ಇಂಥ ದೋಷ ಕಾಣುತ್ತದೆ. ಬಾಲ ಕಳೆದುಕೊಂಡದ್ದಕ್ಕೆ ವಂಶ ಇಂದಿಗೂ ತೆರುತ್ತಿರುವ ಬೆಲೆ ಇದಿರಬಹುದೆಂಬುದು ಸಂಶೋಧಕರ ಊಹೆ. ಹಾಗಾದರೆ ಬಾಲವಿಲ್ಲದಿರುವುದರಿಂದ ದೊಡ್ಡ ಲಾಭವೇ ಆಗಿರಬೇಕು. ನೆಟ್ಟಗೆ ನಿಲ್ಲಲು ಅನುಕೂಲವಾಯಿತೆಂಬುದು ಒಂದು ವಾದ. ಚರ್ಚೆ ಇನ್ನೂ ನಡೆದಿದೆ. ವಿಕಾಸದಲ್ಲಿ ಲಾಭವೂ ನಷ್ಟವೂ ಎಷ್ಟೋ ಸಲ ಒಂದೇ ಗಂಟಿನಲ್ಲಿ ಬರುತ್ತವೆ.