ವಿದ್ಯಾವಂಶ: ಅನಾಥರೂ ಅಂಗವಿಕಲರೂ ಆದವರ ಪೋಷಣೆಯ ಇತಿಹಾಸ

ತಂದೆತಾಯಿಗಳಿಲ್ಲದ ಶಿಶುವು ಅಂಗವಿಕಲವೂ ಆಗಿದ್ದ ಪಕ್ಷದಲ್ಲಿ ಅದರ ಭರಣಭಾರವು ಯಾರದೆಂಬ ಪ್ರಶ್ನೆಯನ್ನು ಭಾರತೀಯ ಶಾಸ್ತ್ರಕಾರರು ಪ್ರಾಚೀನಕಾಲದಿಂದಲೂ ವಿಚಾರಿಸುತ್ತ ಬಂದಿದ್ದಾರೆ. ಕೌಟಲ್ಯನು ಅರ್ಥಶಾಸ್ತ್ರದ ಎರಡನೆಯ ಅಧಿಕರಣದ ಮೊದಲನೆಯ ಅಧ್ಯಾಯದಲ್ಲಿಯೇ ಬಾಲರು, ವೃದ್ಧರು, ವ್ಯಾಧಿಗ್ರಸ್ತರು, ವಿಪತ್ತಿಗೆ ಸಿಕ್ಕಿದವರು, ಅನಾಥರು ಇವರನ್ನು ರಾಜನು ಪೋಷಿಸತಕ್ಕದ್ದೆಂದು ವಿಧಿಸಿದ್ದಾನೆ. ಆದರೆ ಅನ್ನವಸ್ತ್ರಗಳನ್ನು ಕೊಡುವುದು ಬೇರೆ, ಕುಲದಲ್ಲಿ ಸ್ಥಾನವನ್ನು ಕೊಡುವುದು ಬೇರೆ. ಮೊದಲನೆಯದರಲ್ಲಿ ಶಾಸ್ತ್ರವು ಉದಾರವಾಗಿಯೂ ಎರಡನೆಯದರಲ್ಲಿ ಬಿಗಿಯಾಗಿಯೂ ಇದ್ದಿತು. ಆ ಎರಡರ ನಡುವಣ ಅಂತರವನ್ನು ಧರ್ಮಸಂಸ್ಥೆಗಳು ಎಷ್ಟರಮಟ್ಟಿಗೆ ತುಂಬಿದುವೆಂಬುದೇ ಪ್ರಕೃತ ವಿಚಾರ.

ಮೊದಲು ಪುತ್ರತ್ವದ ವಿಷಯ. ಮನುವು ಹೇಳುವ ಹನ್ನೆರಡು ಬಗೆಯ ಪುತ್ರರಲ್ಲಿ ಇಬ್ಬರು ಇಲ್ಲಿ ಗಮನಾರ್ಹರು. ತಂದೆತಾಯಿಗಳು ತ್ಯಜಿಸಿದ ಶಿಶುವನ್ನು ಬೇರೊಬ್ಬನು ಪರಿಗ್ರಹಿಸಿದರೆ ಅವನು ‘ಅಪವಿದ್ಧ’ನು; ತಂದೆತಾಯಿಗಳನ್ನು ಕಳೆದುಕೊಂಡು, ಇಲ್ಲವೆ ಕಾರಣವಿಲ್ಲದೆ ಅವರಿಂದ ತ್ಯಕ್ತನಾಗಿ, ತನ್ನನ್ನು ತಾನೇ ಒಪ್ಪಿಸಿಕೊಂಡವನು ‘ಸ್ವಯಂದತ್ತ’ನು. ಇದರಿಂದ ಅನಾಥನಿಗೂ ಪುತ್ರನಾಗುವ ಮಾರ್ಗವು ಸ್ಮೃತಿಗಳ ಕಾಲದಲ್ಲಿ ಇದ್ದಿತೆಂಬುದು ಸ್ಪಷ್ಟ. ಮುಂದಿನ ನಿಬಂಧಕಾರರಾದರೋ ಕಲಿಯುಗದಲ್ಲಿ ಔರಸ, ದತ್ತಕ ಎಂಬ ಎರಡೇ ಬಗೆಯ ಪುತ್ರರು ಗ್ರಾಹ್ಯರೆಂದು ನಿರ್ಣಯಿಸಿ ಉಳಿದವರನ್ನು ಕಲಿವರ್ಜ್ಯಗಳಲ್ಲಿ ಸೇರಿಸಿದರು. ದತ್ತಕನೆಂದರೆ ಕೊಡಲ್ಪಟ್ಟವನು, ಕೊಡುವ ಅಧಿಕಾರವು ವಸಿಷ್ಠನ ಮತದಂತೆ ತಂದೆತಾಯಿಗಳದು. ತಂದೆತಾಯಿಗಳೇ ಇಲ್ಲದವನನ್ನು ಕೊಡುವವರು ಯಾರು? ಹೀಗೆ ಯಾವ ಮಗುವಿಗೆ ಮನೆಯ ಆವಶ್ಯಕತೆಯು ಎಲ್ಲಕ್ಕಿಂತ ಹೆಚ್ಚಾಗಿದ್ದಿತೋ ಅದಕ್ಕೇ ದತ್ತಕದ ಬಾಗಿಲು ಮುಚ್ಚಿಹೋಯಿತು. ಆಂಗ್ಲರ ಆಳಿಕೆಯ ನ್ಯಾಯಾಸ್ಥಾನಗಳೂ ವಿಶೇಷವಾದ ಆಚಾರವಿದ್ದಲ್ಲಿ ಹೊರತು ಅನಾಥನ ದತ್ತಕವು ಸಿಂಧುವಲ್ಲವೆಂಬ ನಿಯಮವನ್ನೇ ಅನುಸರಿಸಿದುವು.

ಇನ್ನು ಅಂಗವಿಕಲರ ವಿಷಯ. ಜನ್ಮಾಂಧ, ಬಧಿರ, ಮೂಕ, ಜಡ, ಉನ್ಮತ್ತ ಮುಂತಾದವರಿಗೆ ದಾಯಭಾಗವಿಲ್ಲವೆಂದು ಮನುವು ಒಂಬತ್ತನೆಯ ಅಧ್ಯಾಯದಲ್ಲಿ ವಿಧಿಸಿ, ಕೂಡಲೇ ಅವರಿಗೆ ಜೀವಾವಧಿ ಗ್ರಾಸಾಚ್ಛಾದನಗಳನ್ನು ಕೊಡಬೇಕೆಂದೂ ಕೊಡದವನು ಪತಿತನಾಗುವನೆಂದೂ ಹೇಳುತ್ತಾನೆ. ಯಾಜ್ಞವಲ್ಕ್ಯನ ಮತವೂ ಹೆಚ್ಚುಕಡಮೆ ಇದೇ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಈ ವಿಧಿಯ ಕಾಠಿನ್ಯವನ್ನು ಸ್ವಲ್ಪಮಟ್ಟಿಗೆ ತಗ್ಗಿಸಿದನು. ವಿಭಾಗಕ್ಕೆ ಮೊದಲೇ ಇದ್ದ ದೋಷವು ಮಾತ್ರ ಭಾಗವನ್ನು ತಪ್ಪಿಸುವುದು, ಆಮೇಲೆ ಬಂದುದು ತಪ್ಪಿಸಲಾರದು. ಔಷಧಾದಿಗಳಿಂದ ದೋಷವು ಪರಿಹಾರವಾದರೆ ವಿಭಾಗಾನಂತರವೂ ಅವನಿಗೆ ಭಾಗವುಂಟು. ಅವನ ಪುತ್ರರು ನಿರ್ದುಷ್ಟರಾಗಿದ್ದರೆ ಅವರು ಭಾಗಾರ್ಹರು — ಇವು ಆತನ ನಿರ್ಣಯಗಳು. ಆದರೂ ಹುಟ್ಟುಗುರುಡನು ಭರ್ತವ್ಯನಾಗಿಯೇ ಉಳಿದನು, ಭಾಗಿಯಾಗಲಿಲ್ಲ. ಈ ಭರಣವೂ ಬಂಧುಗಳಿರುವವನಿಗೆ ಮಾತ್ರ ದೊರಕತಕ್ಕದ್ದು. ಬಂಧುಗಳೇ ಇಲ್ಲದವನು ರಾಜನನ್ನೋ ಧರ್ಮಸ್ಥಾನವನ್ನೋ ಆಶ್ರಯಿಸಬೇಕಾಗಿದ್ದಿತು.

ಅಂತಹ ಧರ್ಮಸ್ಥಾನಗಳಿಗೆ ಕನ್ನಡನಾಡಿನಲ್ಲಿ ಶ್ರೇಷ್ಠವಾದ ನಿದರ್ಶನವು ಬಳ್ಳಿಗಾವೆಯ ಕೋಡಿಯ ಮಠ. ಇದು ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿಗೆ ಸೇರಿದ ಊರಿನಲ್ಲಿ, ಕೇದಾರೇಶ್ವರ ದೇವಾಲಯವನ್ನು ಹೊಂದಿಕೊಂಡಿದ್ದ ಕಾಳಾಮುಖರ ಮಠ. ಬಿಜ್ಜಳನ ಕಾಲದ, 1162ನೆಯ ಇಸವಿಯ ಅಲ್ಲಿನ ಶಾಸನವು ಮಠದ ಕಾರ್ಯಗಳನ್ನು ಒಂದೊಂದಾಗಿ ಎಣಿಸುತ್ತದೆ. ರೈಸ್ ಸಾಹೇಬರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಇದು ಸೇರಿದೆ. ವೇದ, ವ್ಯಾಕರಣ, ದರ್ಶನ, ಪುರಾಣಗಳ ಅಧ್ಯಯನಕ್ಕೆ ಅದು ಸ್ಥಾನವಾಗಿದ್ದಿತು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇವರಿಗೂ, ಕಥಕ ಗಾಯಕ ನರ್ತಕಾದಿಗಳಿಗೂ, ನಾನಾ ಮತದ ಸಂನ್ಯಾಸಿಗಳಿಗೂ ಅಲ್ಲಿ ಅನ್ನವು ದೊರಕುತ್ತಿದ್ದಿತು. ಗತಿಯಿಲ್ಲದ ರೋಗಿಗಳಿಗೆ ಔಷಧವೂ, ಸಕಲ ಜೀವಿಗಳಿಗೆ ಅಭಯವೂ ಅಲ್ಲಿ ಸಿಕ್ಕುತ್ತಿದ್ದುವು. ಕಾಳಾಮುಖರ ಮಠದಲ್ಲಿ ಜೈನ ಕ್ಷಪಣಕನಿಗೂ ಅನ್ನವುಂಟೆಂಬುದು ಅಂದಿನ ಧರ್ಮಬುದ್ಧಿಯ ವೈಶಾಲ್ಯವನ್ನು ತೋರಿಸುತ್ತದೆ.

ಇಂತಹ ವ್ಯವಸ್ಥೆಯು ಬಳ್ಳಿಗಾವೆಯೊಂದರಲ್ಲಿಯೇ ಇದ್ದುದಲ್ಲ. ಕಾಕತೀಯ ರುದ್ರಮದೇವಿಯ ಕಾಲದಲ್ಲಿ, 1261ರಲ್ಲಿ, ಶೈವಾಚಾರ್ಯ ವಿಶ್ವೇಶ್ವರಶಂಭುವಿನ ದತ್ತಿಯನ್ನು ತಿಳಿಸುವ ಆಂಧ್ರದ ಮಲ್ಕಾಪುರಂ ಶಾಸನದಲ್ಲಿ ದೇವಾಲಯ ಮಠಗಳೊಡನೆ ಪ್ರಸೂತಿಶಾಲೆಗೂ ಆರೋಗ್ಯಶಾಲೆಗೂ ಆದಾಯವು ನಿಯತವಾಗಿರುವುದು ಕಂಡುಬರುತ್ತದೆ.

ಆದರೆ ಬಳ್ಳಿಗಾವೆಯ ಶಾಸನವನ್ನು ಸೂಕ್ಷ್ಮವಾಗಿ ಪರಿಶೀಲಿಸಿದರೆ ಒಂದು ಅಂಶವು ಕಣ್ಣಿಗೆ ಬೀಳುತ್ತದೆ. ವಿದ್ಯೆಯ ಪಟ್ಟಿ ಬೇರೆ, ಅನ್ನದ ಪಟ್ಟಿ ಬೇರೆ. ಕುರುಡನ ಹೆಸರು ಎರಡನೆಯದರಲ್ಲಿದೆ. ಅವನು ಮಠದಲ್ಲಿ ಉಂಡನೆಂಬುದಕ್ಕೆ ಶಾಸನವೇ ಪ್ರಮಾಣ. ಓದಿದನೆಂಬುದಕ್ಕೆ ಅಲ್ಲಿ ಪ್ರಮಾಣವಿಲ್ಲ. ಕಲ್ಯಾಣದ ನ್ಯಾಯವು ಅವನನ್ನು ಭರ್ತವ್ಯನೆಂದಿತು. ಅದೇ ಶತಮಾನದ ಮಠವು ಆ ಭರಣವನ್ನು ಬಂಧುರಹಿತರಿಗೂ ವಿಸ್ತರಿಸಿತು. ಇದು ಅಲ್ಪವಾದ ಕಾರ್ಯವಲ್ಲ. ಆದರೂ ಭರಣದ ಎಲ್ಲೆಯನ್ನು ಅದು ದಾಟಿತೆಂದು ಹೇಳಲಾಗುವುದಿಲ್ಲ.

ಆ ಎಲ್ಲೆಯನ್ನು ದಾಟಿದ ಸಂಸ್ಥೆಯೊಂದು ಇಪ್ಪತ್ತನೆಯ ಶತಮಾನದಲ್ಲಿ ಕನ್ನಡನಾಡಿನಲ್ಲಿಯೇ ಬೆಳೆಯಿತು. 1909ರಲ್ಲಿ ಬಾದಾಮಿಯ ಸಮೀಪದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರಸ್ವಾಮಿಗಳವರು (1867–1930) ಅಂಧಬಾಲಕನೊಬ್ಬನಿಗೆ ಆಶ್ರಯವನ್ನಿತ್ತು ಸಂಗೀತವಿದ್ಯೆಯನ್ನು ಕೊಡಿಸಿದರು. ಆತನೇ ಮುಂದೆ ಗಾನಯೋಗಿಯೆಂದು ಪ್ರಖ್ಯಾತರಾದ ಪಂಚಾಕ್ಷರಿ ಗವಾಯಿಗಳು (1892–1944). ತಮಗೆ ದೊರೆತುದನ್ನು ಅವರು ಇತರ ಅಂಧರಿಗೂ ಅನಾಥರಿಗೂ ಹಂಚಿದರು. ಊರಿಂದೂರಿಗೆ ಸಂಚರಿಸುತ್ತಿದ್ದ ಅವರ ಸಂಗೀತಶಾಲೆಯು ಕಡೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆಗೊಂಡಿತು. ಬಸವರಾಜ ರಾಜಗುರುಗಳಂತಹ ಗಾಯಕರೂ ಅವರಲ್ಲಿ ಕಲಿತವರೇ.

ಅವರ ಶಿಷ್ಯರಲ್ಲಿ ಪುಟ್ಟರಾಜ ಗವಾಯಿಗಳು (1914–2010) ಈ ವಿಷಯಕ್ಕೆ ಮುಖ್ಯರು. ಬಾಲ್ಯದಲ್ಲಿಯೇ ಕಣ್ಣನ್ನೂ ತಂದೆತಾಯಿಗಳನ್ನೂ ಕಳೆದುಕೊಂಡ ಇವರನ್ನು ಸೋದರಮಾವನು ಸಾಕಿದನು. ಬಳಿಕ ಪಂಚಾಕ್ಷರಿ ಗವಾಯಿಗಳು ಶಿಷ್ಯನಾಗಿ ಪರಿಗ್ರಹಿಸಿದರು. ಗುರುವಿನ ಅನಂತರ ಆಶ್ರಮದ ಆಧಿಪತ್ಯವು ಇವರಿಗೇ ಬಂದಿತು. ಕನ್ನಡ ಸಂಸ್ಕೃತ ಹಿಂದಿಗಳಲ್ಲಿ ಗ್ರಂಥರಚನೆ ಮಾಡಿದ ಇವರಿಗೆ ಭಾರತಸರಕಾರವು 2010ರಲ್ಲಿ ಪದ್ಮಭೂಷಣವನ್ನಿತ್ತು ಗೌರವಿಸಿತು. ಸ್ಮೃತಿಯ ದೃಷ್ಟಿಯಿಂದ ಇದು ವಿಚಾರಾರ್ಹ. ಯಾವನಿಗೆ ಪಿತೃಧನದಲ್ಲಿ ಭಾಗವಿಲ್ಲವೆಂದು ಶಾಸ್ತ್ರವು ಹೇಳಿತೋ, ಕೊಡುವವರಿಲ್ಲದುದರಿಂದ ಯಾವನು ದತ್ತಕನೂ ಆಗಲಾರನೋ, ಅಂತಹವನೇ ಇಲ್ಲಿ ಗುರುಧನಕ್ಕೆ ಉತ್ತರಾಧಿಕಾರಿಯಾದನು.

ಇದಕ್ಕೆ ಶಾಸ್ತ್ರದಲ್ಲಿ ಆಧಾರವಿಲ್ಲದೆ ಇಲ್ಲ. ಪಾಣಿನಿಯು ವಿದ್ಯೆಯ ಸಂಬಂಧವನ್ನೂ ಜನ್ಮದ ಸಂಬಂಧವನ್ನೂ ಒಂದೇ ಸೂತ್ರದಲ್ಲಿ ಜೊತೆಗೂಡಿಸಿದ್ದಾನೆ. ವಿದ್ಯೆಯಿಂದಲೂ ಜನ್ಮದಿಂದಲೂ ವಂಶವು ಎರಡು ತೆರನೆಂದು ಕಾಶಿಕಾಕಾರರು ವಿವರಿಸಿದ್ದಾರೆ. ಜನ್ಮವಂಶದಲ್ಲಿ ನೆಲೆಯಿಲ್ಲದವನಿಗೆ ವಿದ್ಯಾವಂಶದಲ್ಲಿ ನೆಲೆಯುಂಟು. ವಿದ್ಯೆಗೆ ದಾತೃವು ಗುರುವೇ ಆದುದರಿಂದ ತಂದೆತಾಯಿಗಳ ಅಭಾವವು ಅಲ್ಲಿ ಬಾಧಕವಾಗದು.

ಹಾಗೆಂದು ವಿದ್ಯಾವಂಶವೊಂದೇ ಸಾಕೆಂದು ಭಾವಿಸುವುದು ಯುಕ್ತವಲ್ಲ. ಎಲ್ಲ ಅಂಗವಿಕಲ ಶಿಶುಗಳೂ ಗಾಯಕರಾಗಲಾರರು. ಬುದ್ಧಿಮಾಂದ್ಯವುಳ್ಳ ಮಗುವಿಗೆ ವಿದ್ಯೆಗಿಂತ ಮೊದಲು ಮನೆಯು ಬೇಕು. ಈ ಕೊರತೆಯನ್ನು ನೀಗುವ ಕೆಲಸವು ಕಾಯಿದೆಗಳಿಂದ ಕ್ರಮೇಣ ನಡೆಯಿತು. ಬ್ರಿಟಿಷ್ ಇಂಡಿಯಾದ 1928ರ ಕಾಯಿದೆಯು ಹುಟ್ಟಿನಿಂದ ಉನ್ಮತ್ತರೂ ಜಡರೂ ಆದವರನ್ನುಳಿದು ಮಿಕ್ಕ ಅಂಗವಿಕಲರ ದಾಯಾನರ್ಹತೆಯನ್ನು ತೆಗೆದುಹಾಕಿತು; 1956ರ ಹಿಂದೂ ಉತ್ತರಾಧಿಕಾರದ ಕಾಯಿದೆಯು ರೋಗ, ದೋಷ, ವೈಕಲ್ಯಗಳಾವುವೂ ದಾಯಕ್ಕೆ ಅಡ್ಡಿಯಲ್ಲವೆಂದಿತು. ಅದೇ ವರ್ಷದ ದತ್ತಕದ ಕಾಯಿದೆಯು ತಂದೆತಾಯಿಗಳಿಬ್ಬರೂ ಮೃತರಾದಲ್ಲಿ ನ್ಯಾಯಾಸ್ಥಾನದ ಅನುಮತಿಯಿಂದ ಪಾಲಕನೇ ಮಗುವನ್ನು ಕೊಡಬಹುದೆಂದು ವಿಧಿಸಿತು. 1962ರ ತಿದ್ದುಪಡಿಯು ಪರಿತ್ಯಕ್ತ ಶಿಶುವಿಗೂ ಹೆತ್ತವರು ಯಾರೆಂದು ತಿಳಿಯದ ಶಿಶುವಿಗೂ ಆ ಅವಕಾಶವನ್ನು ಕಲ್ಪಿಸಿತು. 2000ನೆಯ ಇಸವಿಯ ಬಾಲನ್ಯಾಯದ ಕಾಯಿದೆಯೂ, ಅದರ ಸ್ಥಾನದಲ್ಲಿ ಬಂದ 2015ರ ಕಾಯಿದೆಯೂ ಮತಭೇದವಿಲ್ಲದೆ ಎಲ್ಲರಿಗೂ ಈ ಮಾರ್ಗವನ್ನು ತೆರೆದುವು.

ಹೀಗೆ ನೋಡಿದರೆ, ಕಲಿವರ್ಜ್ಯವೆಂದು ಬಿಟ್ಟಿದ್ದ ಅಪವಿದ್ಧನ ಪುತ್ರತ್ವವೇ ಹೊಸ ಕಾಯಿದೆಯಲ್ಲಿ ಮರಳಿ ಬಂದಿತೆನ್ನಬಹುದು. ಧರ್ಮಶಾಸ್ತ್ರದ ಅಧ್ಯಾಪಕರು ಪುತ್ರಪ್ರಕರಣವನ್ನು ಪಾಠ ಹೇಳುವಾಗ ಆ ಎರಡು ಶ್ಲೋಕಗಳನ್ನು ಗತಕಾಲದ ವಿಧಿಗಳೆಂದು ದಾಟಿಹೋಗುವುದುಂಟು. ಅಲ್ಲಿ ನಿಂತು, ಅವು ಏಕೆ ಲುಪ್ತವಾದುವು, ಲುಪ್ತವಾದುದರಿಂದ ಯಾರಿಗೆ ನಷ್ಟವಾಯಿತು, ಆ ನಷ್ಟವನ್ನು ಮಠಗಳು ಎಷ್ಟು ತುಂಬಿದುವು ಎಂಬುದನ್ನು ಶಿಷ್ಯರಿಗೆ ತಿಳಿಸಿದಲ್ಲಿ, ಸ್ಮೃತಿಯ ಅಧ್ಯಯನವೂ ಶಾಸನದ ಅಧ್ಯಯನವೂ ಒಂದಕ್ಕೊಂದು ಪೂರಕವಾಗುವುವು.